ಬಾಯಮ್ಮನ ಇಂದಾದ್, ಗಯಾನಾದ ಬೆಳ್ಳುಳ್ಳಿ ಮಾಂಸ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಮುಂಬಯಿಯ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕರಿದ ತಿಂಡಿಯ ವಾಸನೆ ಇಳಿದು ಬರುತ್ತದೆ. ಮೂರನೇ ಮಹಡಿಯ ಬಾಯಮ್ಮ ಒಲೆಯ ಮೇಲೆ ಬಾಣಲೆ ಇಟ್ಟರೆಂದು ಲೆಕ್ಕ. ಅವರು ಮಂಗಳೂರು ಕಡೆಯವರು. ಮನೆಮಾತು ಕೊಂಕಣಿ, ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ನಮ್ಮ ಕಾರ್ಯಕ್ರಮದ ಖಾಯಂ ಕೇಳುಗರು, ಜೊತೆಗೆ ಖಾಯಂ ಟೀಕಾಕಾರರೂ ಹೌದು.

ಧಾರವಾಡದಿಂದ ಬಂದ ಹೊಸತರಲ್ಲಿ ಅವರ ಮನೆಯಿಂದ ಮೊದಲ ಸಲ ಕ್ರಿಸ್ಮಸ್ ತಟ್ಟೆ ಬಂದಾಗ ಮುಚ್ಚಿದ್ದ ಬಟ್ಟೆ ಸರಿಸಿ ನೋಡಿ ನನಗೆ ಆಶ್ಚರ್ಯವಾಗಿತ್ತು. "ಅಯ್ಯ, ಇದು ನಮ್ಮ ಕರ್ಚಿಕಾಯಿ ಅಲ್ಲೇನ್ರಿ ಬಾಯಮ್ಮ?" ಎಂದೆ. "ನಿಮ್ಮದು ಸಹ ಹೌದು ಮಾರಾಯ್ತಿ. ನಾವು ನೆವ್ರಿ ಹೇಳ್ತೇವೆ" ಎಂದರು. ಪಕ್ಕದಲ್ಲಿ ಶಂಕರಪೋಳಿಯ ತಮ್ಮನಂಥ ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು. ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡಿ ಕರಿದ ಕಿಡ್ಯೊ. ಕಿಡ್ಯೊ ಅಂದರೆ ಹುಳು, ಹೆಸರು ಕೇಳಿ ಹೆದರಬೇಡಿ. ಹೂವಿನಾಕಾರದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸಿದ ಗರಿಗರಿ ತಿಂಡಿಯೂ ಇತ್ತು. ಚೆನ್ನೈ ಕೇಳುಗರು ಅದನ್ನು ಅಚ್ಚು ಮುರುಕ್ಕು ಎಂದೂ ಹೈದರಾಬಾದಿನವರು ಗುಲಾಬಿ ಪುವ್ವುಲು ಎಂದೂ ಬಲ್ಲಿರಿ. ಈ ತಟ್ಟೆಯ ಒಟ್ಟು ಹೆಸರು ಕುಸ್ವಾರ್.

ಆದರೆ ಇಂದಿನ ಕಥೆ ಸಿಹಿಯದ್ದಲ್ಲ, ಹುಳಿ ಖಾರದ್ದು.

ಬಾಯಮ್ಮನ ಮಗಳು ಟೊರಾಂಟೋದಲ್ಲಿದ್ದಾಳೆ. ಅಳಿಯನ ಮನೆತನ ದಕ್ಷಿಣ ಅಮೆರಿಕದ ಗಯಾನಾ ದೇಶದ್ದು. ಹೋದ ವರ್ಷ ಹಬ್ಬ ಮುಗಿದ ಮಾರನೇ ದಿನ ಬಾಯಮ್ಮ ಮುಖ ಊದಿಸಿಕೊಂಡು ಕೂತಿದ್ದರು. "ಅಲ್ಲಿ ಅವನ ತಾಯಿ ಕ್ರಿಸ್ಮಸ್ ಬೆಳಿಗ್ಗೆ ಹಂದಿ ಮಾಂಸ ಮಾಡ್ತಾರಂತೆ. ಬೆಳ್ಳುಳ್ಳಿ, ವಿನೆಗರ್ ಹಾಕಿ ವಾರಗಟ್ಟಲೆ ಇಟ್ಟು ಹುರಿಯುವುದಂತೆ. ನೋಡಿದರೆ ನಮ್ಮ ಇಂದಾದ್‌ನ್ನೇ ಹಾಳು ಮಾಡಿದ ಹಾಗೆ ಉಂಟು. ನನ್ನ ಮಗಳು ಈಗ ಅದನ್ನೇ ಮಾಡುವುದಂತೆ, ನಮ್ಮದು ಬಿಟ್ಟು!" ಕೊನೆಯ ಮಾತು ಹೇಳುವಾಗ ಅವರ ಗಂಟಲು ಕಟ್ಟಿತು. ಮಗಳು ಊರು ಬಿಟ್ಟು ಹೋದದ್ದನ್ನು ಅವರು ಒಪ್ಪಿಕೊಂಡಿದ್ದರು. ಹಬ್ಬದ ಬಾಣಲೆಯೂ ಬೇರೆಯವರದಾಯಿತಲ್ಲ ಎನ್ನುವುದು ಸಂಕಟ. "ನೀನು ರೇಡಿಯೋದವಳಲ್ವಾ, ಹುಡುಕಿ ಹೇಳು, ಅವರಿಗೆ ಇದು ಎಲ್ಲಿಂದ ಬಂತು?"

ನಾನು ಹುಟ್ಟಾ ಸಸ್ಯಾಹಾರಿ. ಜನ್ಮದಲ್ಲಿ ರುಚಿ ನೋಡದ ಅಡುಗೆಯ ವಂಶಾವಳಿ ಹುಡುಕಲು ಕೂತೆ.

ಇದರ ತವರು ಪೋರ್ಚುಗಲ್. ಅಲ್ಲಿನ ಹೆಸರು ಕಾರ್ನೆ ದೆ ವಿನ್ಯಾ ದಾಲ್ಯೋಸ್. ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಹಾಕಿದ ಮಾಂಸ ಎಂದರ್ಥ. ಶೀತಪೆಟ್ಟಿಗೆ ಇಲ್ಲದ ಕಾಲದಲ್ಲಿ ಮಾಂಸ ಕೆಡದಂತೆ ಇಡಲು ಹುಳಿಯೇ ಗತಿ. ತಿಂಗಳುಗಟ್ಟಲೆ ಕಡಲಲ್ಲಿ ಕಳೆಯುವವರಿಗೆ ಇದಕ್ಕಿಂತ ಅನುಕೂಲದ ಅಡುಗೆ ಇನ್ನೇನಿದೆ? 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಇಲ್ಲಿ ದ್ರಾಕ್ಷಿಯ ವಿನೆಗರ್ ಎಲ್ಲಿಂದ ತರುವುದು? ತೆಂಗಿನ ಕಳ್ಳನ್ನು ಹುಳಿ ಬರಿಸಿದ ವಿನೆಗರ್ ಆ ಜಾಗಕ್ಕೆ ಬಂತು. ಅಮೆರಿಕ ಖಂಡದಿಂದ ಅವರೇ ತಂದ ಮೆಣಸಿನಕಾಯಿ, ಮಲಬಾರಿನ ಕಾಳುಮೆಣಸು, ಜೀರಿಗೆ ಎಲ್ಲ ಸೇರಿ ಕೆಂಪು ಮಸಾಲೆಯಾಯಿತು. ವಿನ್ಯಾ ದಾಲ್ಯೋಸ್ ಕೊಂಕಣಿ ನಾಲಿಗೆಯಲ್ಲಿ ವಿಂದಾಲು ಆಯಿತು. ಕೊನೆಯ 'ಆಲು' ಕೇಳಿ ಅದರಲ್ಲಿ ಬಟಾಟೆ ಹಾಕುವ ಹೋಟೆಲುಗಳಿವೆ. ಪಾಪ, ಅದು ಬೆಳ್ಳುಳ್ಳಿಯ ಪೋರ್ಚುಗೀಸ್ ಹೆಸರು, ಹಿಂದಿಯ ಆಲೂ ಅಲ್ಲ.

ಗೋವಾದ ಕ್ರೈಸ್ತರಲ್ಲಿ ಅನೇಕರು ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಅಲೆಅಲೆಯಾಗಿ ತೆಂಕಣಕ್ಕೆ, ನಮ್ಮ ಕನ್ನಡ ಜಿಲ್ಲೆಗಳಿಗೆ ಇಳಿದು ಬಂದರು. 1560ರಲ್ಲಿ ಅಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಭಯ, ಯುದ್ಧಗಳು, ತೆರಿಗೆ, ಬರಗಾಲ ಎಲ್ಲವೂ ಕಾರಣ. ಕೆಳದಿಯ ನಾಯಕರ ಕಾಲದಲ್ಲಿ ಅವರಿಗೆ ಇಲ್ಲಿ ಉಳುವುದಕ್ಕೆ ನೆಲ ಸಿಕ್ಕಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಬದುಕುಳಿದವರು ಹಿಂತಿರುಗಿ ಮತ್ತೆ ಮೊದಲಿಂದ ಮನೆ ಕಟ್ಟಿದರು. ಬಾಯಮ್ಮ ಇದನ್ನು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಾರೆ. ವಿಂದಾಲುವಿನ ಹತ್ತಿರದ ನೆಂಟ ಇಂದಾದ್ ಇವರ ಅಡುಗೆ. ಸ್ವಲ್ಪ ಸಿಹಿಯೂ ಇರುತ್ತದಂತೆ. ಪೋರ್ಚುಗಲ್‌ನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಕೊನ್ಸುವಾದ ಎಂಬ ಹೆಸರು, ಗೋವಾದಲ್ಲಿ ನೆರೆಹೊರೆಗೆ ಕಳಿಸುವ ಹಬ್ಬದ ತಿಂಡಿಗೂ ಅದೇ ಪದ. ಕುಸ್ವಾರ್ ಅದೇ ಬಳ್ಳಿಯ ಕಾಯಿ ಇರಬೇಕೆಂದು ನನ್ನ ಊಹೆ. ತಟ್ಟೆಯೊಳಗಿನ ಕರ್ಚಿಕಾಯಿ, ಚಕ್ಕುಲಿ ಮಾತ್ರ ಇಲ್ಲಿಯವೇ.

ಇದು ಪೂರ್ವಕ್ಕೆ ಬಂದ ಕವಲು. ಇನ್ನೊಂದು ಕವಲು ಪಶ್ಚಿಮಕ್ಕೆ ಹೋಯಿತು.

ಆಫ್ರಿಕದ ವಾಯವ್ಯಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಮದೈರಾ ಎಂಬ ಪೋರ್ಚುಗೀಸ್ ದ್ವೀಪವಿದೆ. ಅಲ್ಲಿ ಇವತ್ತಿಗೂ ವಿನ್ಯಾ ದಾಲ್ಯೋಸ್ ಎಂದರೆ ಕ್ರಿಸ್ಮಸ್ಸಿನ ಅಡುಗೆ. ದ್ರಾಕ್ಷಾರಸಕ್ಕೆ ಹೆಸರಾದ ಊರಾದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಬಡತನದಿಂದ ಕಂಗೆಟ್ಟಿದ್ದರು. ಅದೇ ಹೊತ್ತಿಗೆ ಬ್ರಿಟಿಷ್ ಗಯಾನಾದ ಕಬ್ಬಿನ ತೋಟದ ಮಾಲೀಕರಿಗೆ ಕೂಲಿಯಾಳುಗಳ ಚಿಂತೆ. 1834ರಲ್ಲಿ ಗುಲಾಮಗಿರಿ ರದ್ದಾಗಿತ್ತು. 1835ರ ಮೇ ತಿಂಗಳಲ್ಲಿ ಮದೈರಾದಿಂದ ಮೊದಲ ಹಡಗು ಅಲ್ಲಿಗೆ ತಲುಪಿತು. ಮುಂದಿನ ಐವತ್ತು ವರ್ಷಗಳೊಳಗೆ 30,000ಕ್ಕೂ ಹೆಚ್ಚು ಮದೈರಾ ಜನ ಹಾಗೆ ಹೋದರು. ಬಿಸಿಲು, ಜ್ವರಗಳಿಗೆ ಅನೇಕರು ಸತ್ತರು. ಉಳಿದವರು ಕಬ್ಬಿನ ಗದ್ದೆ ಬಿಟ್ಟು ಅಂಗಡಿ ಹಾಕಿದರು. ಅವರ ಪಾತ್ರೆಯೊಳಗಿನ ಮಾಂಸವೇ ಗಯಾನಾದ ಗಾರ್ಲಿಕ್ ಪೋರ್ಕ್, ಬೆಳ್ಳುಳ್ಳಿ ಮಾಂಸ. ವಿನೆಗರ್, ಬೆಳ್ಳುಳ್ಳಿ, ಥೈಮ್ ಎಂಬ ಸೊಪ್ಪು, ವಿರಿವಿರಿ ಎಂದು ಕರೆಯುವ ಚೆರ್ರಿ ಹಣ್ಣಿನಷ್ಟು ದಪ್ಪದ ಅಲ್ಲಿಯ ಮೆಣಸಿನಕಾಯಿ ಹಾಕಿ ಕೆಲವು ದಿನ ಬಿಟ್ಟು ಕ್ರಿಸ್ಮಸ್ ಬೆಳಿಗ್ಗೆ ಹುರಿಯುತ್ತಾರೆ.

ಅಷ್ಟರಲ್ಲಿ ನಮ್ಮವರೂ ಆ ನೆಲ ಮುಟ್ಟಿದ್ದರು. 1838ರ ಮೇ 5ರಂದು ವಿಟ್ಬಿ ಮತ್ತು ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಹೊರಟವರನ್ನು ಅಲ್ಲಿ ಇಳಿಸಿದವು. 1917ರವರೆಗೆ ಹೀಗೆ ಕರಾರಿನ ಮೇಲೆ ಹೋದವರು 2,38,000ಕ್ಕೂ ಹೆಚ್ಚು, ಬಹುಪಾಲು ಭೋಜಪುರಿ ಸೀಮೆಯವರು. ಇವರ ಮಕ್ಕಳು ಮೊಮ್ಮಕ್ಕಳು ಕ್ರಿಸ್ಮಸ್ಸನ್ನು ನೆರೆಯವರಿಂದ ಕಲಿತರು. ಇವತ್ತು ಗಯಾನಾದ ಹಿಂದೂ ಮನೆಗಳಲ್ಲೂ ಅಂದು ಕಪ್ಪು ಕೇಕು ಕೊಯ್ಯುತ್ತಾರೆ. ಈ ಕೇಕು ಇಂಗ್ಲಿಷರ ಪ್ಲಮ್ ಪುಡಿಂಗಿನ ಮಗಳು. ಒಣಹಣ್ಣುಗಳನ್ನು ಅಲ್ಲಿಯ ಕಬ್ಬಿನ ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆಯಿಟ್ಟು, ಸಕ್ಕರೆ ಸುಟ್ಟು ಬಣ್ಣ ಕೊಡುತ್ತಾರೆ. (ನಮ್ಮ ಪಕ್ಕದ ತಲಶ್ಶೇರಿಯಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ತೋಟದ ದೊರೆಯೊಬ್ಬನಿಗಾಗಿ ಪ್ಲಮ್ ಕೇಕು ಮಾಡಿದರೆಂದೂ ಅದಕ್ಕೆ ಊರಿನ ಗೇರುಹಣ್ಣಿನ ಸಾರಾಯಿ ಬಳಸಿದರೆಂದೂ ಹೇಳುತ್ತಾರೆ. ಅದೊಂದು ಬೇರೆಯೇ ಕಾರ್ಯಕ್ರಮಕ್ಕೆ ಆದೀತು.)

ಹಾಗೆಂದು ಗಯಾನಾದ ಕ್ರಿಸ್ಮಸ್ ಬೆಳಗಿನ ಮುಖ್ಯ ಅಡುಗೆ ಹೊರಗಿನಿಂದ ಬಂದವರದ್ದೇ ಅಲ್ಲ. ಅದು ಪೆಪ್ಪರ್‌ಪಾಟ್, ಆ ನೆಲದ ಮೂಲನಿವಾಸಿಗಳದ್ದು. ಕಹಿ ಮರಗೆಣಸಿನ ರಸ ಹಸಿಯಾಗಿದ್ದರೆ ವಿಷ. ಅದನ್ನು ಚೆನ್ನಾಗಿ ಕುದಿಸಿ ಕುದಿಸಿ ಕಪ್ಪು ಪಾಕ ಮಾಡುತ್ತಾರೆ, ಕಾಸರೀಪ್ ಎಂದು ಹೆಸರು. ಅದರಲ್ಲಿ ಬೇಯಿಸಿದ ಮಾಂಸದ ಪಾತ್ರೆಯನ್ನು ದಿನವೂ ಕುದಿಸುತ್ತಿದ್ದರೆ ಹಲವು ದಿನ ಕೆಡುವುದಿಲ್ಲ. ಕಡಲು ದಾಟಿ ಬಂದವರು ಬೆಳ್ಳುಳ್ಳಿ, ಹುಳಿಯಿಂದ ಕಂಡುಕೊಂಡ ಉಪಾಯವನ್ನು ಕಾಡಿನವರು ವಿಷದ ಗೆಡ್ಡೆಯಿಂದ ಕಂಡುಕೊಂಡಿದ್ದರು. ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ ಗಡಿಗೆ.

1966ರಲ್ಲಿ ಗಯಾನಾ ಸ್ವತಂತ್ರವಾಯಿತು. ಆಮೇಲೆ ಬಹಳ ಜನ ಊರು ಬಿಟ್ಟು ನ್ಯೂಯಾರ್ಕ್, ಟೊರಾಂಟೋ ಸೇರಿದರು. ಬಾಯಮ್ಮನ ಬೀಗರೂ ಅವರಲ್ಲೊಬ್ಬರು. ಬೀಗಿತ್ತಿಯ ಕಡೆಯ ಹಿರಿಯರು ಮದೈರಾದವರು.

ಇಷ್ಟನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಒಂದು ಭಾನುವಾರ ಮೂರನೇ ಮಹಡಿಗೆ ಹೋದೆ. ಗ್ಲೋಬ್ ಇರಲಿಲ್ಲ, ಅಡುಗೆಮನೆಯ ಮೇಜಿನ ಮೇಲೆ ಮೂರು ಬಟ್ಟಲು ಇಟ್ಟು ತೋರಿಸಿದೆ. ನಡುವಿನದು ಪೋರ್ಚುಗಲ್, ಬಲಕ್ಕೆ ಗೋವಾ, ಎಡಕ್ಕೆ ಗಯಾನಾ. ಬಾಯಮ್ಮ ಸುಮ್ಮನೆ ನೋಡಿದರು. "ಹಾಗಾದರೆ ಅವಳದ್ದೂ ನನ್ನದೂ ಒಂದೇ ಅಜ್ಜಿಯದ್ದಾ?" ಎಂದರು. ಅಜ್ಜಿ ಒಬ್ಬಳೇ, ಮಸಾಲೆ ಬೇರೆ ಎಂದೆ. "ಮಸಾಲೆಯೇ ಮುಖ್ಯ ಮಾರಾಯ್ತಿ" ಎಂದು ತಕ್ಷಣ ತಿದ್ದಿದರು. ಅಲ್ಲಿಗೆ ನನ್ನ ಇತಿಹಾಸ ಪಾಠಕ್ಕೆ ಬೆಲೆ ಎಷ್ಟೆಂದು ತಿಳಿಯಿತು.

ಆದರೂ ಅಂದು ರಾತ್ರಿ ಅವರೇ ಟೊರಾಂಟೋಗೆ ಫೋನ್ ಹಚ್ಚಿ, ಮಗಳನ್ನು ಬಿಟ್ಟು ನೇರ ಬೀಗಿತ್ತಿಯೊಂದಿಗೇ ಮಾತಾಡಿದರು. ಇವರ ಇಂಗ್ಲಿಷು ಮಂಗಳೂರಿನದು, ಅವರದ್ದು ಗಯಾನಾದ್ದು, ನಡುವೆ ಮಗಳು ದುಭಾಷಿ. ಎಷ್ಟು ದಿನ ನೆನೆಸುತ್ತೀರಿ, ಮುಚ್ಚಳ ಗಾಜಿನದೋ ಪಿಂಗಾಣಿಯದೋ, ಎಣ್ಣೆ ಹಾಕುತ್ತೀರೋ ಇಲ್ಲವೋ ಎಂದು ಮುಕ್ಕಾಲು ಗಂಟೆ ವಿಚಾರಣೆ ನಡೆಯಿತು. ಮಗಳು ಇಂದಾದ್ ಬಿಟ್ಟಿರಲಿಲ್ಲವಂತೆ. ಹಬ್ಬದ ದಿನ ಬೆಳಿಗ್ಗೆ ಅತ್ತೆಯದ್ದು, ಮಧ್ಯಾಹ್ನಕ್ಕೆ ಸಣ್ಣ ಜೊತೆ ಅಮ್ಮನದ್ದು ಎಂದು ಹಂಚಿಕೊಂಡಿದ್ದರಂತೆ. ಸಣ್ಣ ಅಂದರೆ ಕಳ್ಳು ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸುವ, ಇಡ್ಲಿಯಂಥದ್ದು. ಟೊರಾಂಟೋದಲ್ಲಿ ಕಳ್ಳು ಸಿಗದೆ ಈಸ್ಟ್ ಹಾಕುತ್ತಾಳೆ. ಅದಕ್ಕೆ ಬಾಯಮ್ಮ ಬೇರೆ ಕೋಪ ಮಾಡಿಕೊಂಡರು.

ಈ ಸಲದ ಪಾರ್ಸೆಲ್ ಮೊನ್ನೆ ಕಟ್ಟಿಯಾಯಿತು. ಡಬ್ಬದ ಮೇಲಿನ ವಿಳಾಸ ಬರೆದವಳು ನಾನೇ. ನೆವ್ರಿ ಮುರಿಯದಂತೆ ಮೇಲೂ ಕೆಳಗೂ ತುಕ್ಡಿ ತುಂಬಿದ್ದಾರೆ. ಬೀಗಿತ್ತಿಯ ಹೆಸರಿನಲ್ಲಿ ಬೇರೆಯೇ ಒಂದು ಸಣ್ಣ ಪೊಟ್ಟಣವಿದೆ. ಅದರೊಳಗೆ ಇರುವುದು ಕಿಡ್ಯೊ ಒತ್ತಲು ಒಂದು ಹೊಸ ಬಾಚಣಿಗೆ. ಫೋರ್ಕಿಗಿಂತ ಗೆರೆ ಚೆನ್ನಾಗಿ ಬೀಳುತ್ತದಂತೆ.