ಕೆರೆಯ ಕೋಡಿ: ಮಳೆನೀರಿಗೆ ದಾರಿ ಮಾಡಿಕೊಟ್ಟವರ ಚರಿತ್ರೆ

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಕೆರೆಯ ಕಾಯಕದೊಂದಿಗೆ ಹೆಸರು ಬೆಸೆದುಕೊಂಡವರು ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರು. ಇಂದಿನ ಸೊಲ್ಲಾಪುರದಲ್ಲಿ ಅವರ ಗುಡಿಯನ್ನು ಸುತ್ತುವರಿದು ನಿಂತಿರುವ ಕೆರೆಯನ್ನು ಭಕ್ತರನೇಕರು ಕಣ್ಣಾರೆ ಕಂಡಿರುತ್ತಾರೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಮಣ್ಣು ಹೊರುತ್ತಿದ್ದವರ ನಡುವೆ ನಿಂತು ಸಿದ್ಧರಾಮರನ್ನು 'ಒಡ್ಡರಾಮ'ನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರಳಿದ ಕೆಲಸಗಾರರು ಕಲ್ಲು ತೂರಿದರೆಂದೂ ಆ ಕಲ್ಲುಗಳು ಪ್ರಭುವನ್ನು ಮುಟ್ಟಲಿಲ್ಲವೆಂದೂ ಕಥೆ ಹೇಳುತ್ತದೆ. ಅದರ ತಾತ್ತ್ವಿಕ ಅರ್ಥವನ್ನು ಬಲ್ಲವರು ವಿಸ್ತಾರವಾಗಿ ವಿವರಿಸಿದ್ದಾರೆ. ನಮ್ಮ ಗಮನ ಇಲ್ಲಿ ಬೇರೊಂದು ಸಂಗತಿಯ ಕಡೆಗೆ. 'ಒಡ್ಡು' ಎಂದರೆ ನೀರಿಗೆ ಅಡ್ಡಲಾಗಿ ಹಾಕುವ ಮಣ್ಣಿನ ಕಟ್ಟೆ. ಊರೂರು ಅಲೆದು ಆ ಕಟ್ಟೆಯನ್ನು ಕಟ್ಟಿದ ಶ್ರಮಜೀವಿಗಳ ವಂಶದವರಾದ ಭೋವಿ ಸಮುದಾಯದವರು ಇಂದಿಗೂ ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಆ ಕೈಗಳಿಗೆ ಗೊತ್ತಿದ್ದ ವಿದ್ಯೆ ಯಾವುದು? ಮಳೆ ಬಂದಾಗ ಒಂದು ಸಣ್ಣ ಊರು ಆ ನೀರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಯಾವುದು?

ಕೆರೆಯೆಂದರೆ ನೀರನ್ನು ತಡೆದು ನಿಲ್ಲಿಸುವ ಏರಿ ಎಂದೇ ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಕೆರೆಯ ಆಯುಷ್ಯವನ್ನು ನಿರ್ಧರಿಸುವುದು ಏರಿಯಲ್ಲ, ಕೋಡಿ. ಏರಿ ಮಣ್ಣಿನದು, ಒಳಮೈಗೆ ಕಲ್ಲು ಹಾಸಿದ್ದರೂ ನೀರು ಅದರ ನೆತ್ತಿಯನ್ನು ದಾಟಿ ಹರಿಯಿತೆಂದರೆ ಕೆಲವೇ ಗಂಟೆಗಳಲ್ಲಿ ಕೊರೆದು ಒಡೆಯುತ್ತದೆ. ಆದುದರಿಂದ ಏರಿಗಿಂತ ತಗ್ಗಾದ ಮಟ್ಟದಲ್ಲಿ, ಏರಿಯ ಒಂದು ತುದಿಯ ಗಟ್ಟಿ ನೆಲದಲ್ಲಿ, ಹೆಚ್ಚಾದ ನೀರು ತಾನಾಗಿ ಹೊರಟುಹೋಗಲು ಅಗಲವಾದ ದಾರಿಯನ್ನು ಮೊದಲೇ ಬಿಟ್ಟಿರುತ್ತಾರೆ. ಅದೇ ಕೋಡಿ. ಕೋಡಿಯಿಂದ ಹೊರಟ ನೀರು ವ್ಯರ್ಥವಾಗಿ ಹೋಗುವುದಿಲ್ಲ. ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಇಳಿಯುತ್ತದೆ. ಅಲ್ಲಿಯ ಕೋಡಿ ಅದರ ಕೆಳಗಿನ ಕೆರೆಯನ್ನು ತುಂಬುತ್ತದೆ. ಕೆರೆ ಕೋಡಿ ಬಿದ್ದ ದಿನ ಊರವರು ಗಂಗಾಪೂಜೆ ಮಾಡಿ ಬಾಗಿನ ಅರ್ಪಿಸುವ ಸಂಪ್ರದಾಯದ ಒಳಗೆ ಈ ತಿಳಿವಳಿಕೆಯೂ ಅಡಗಿದೆ. ನಮ್ಮ ಪಾಲು ತುಂಬಿತು, ಇನ್ನು ಮುಂದಿನದು ಕೆಳಗಿನವರ ಪಾಲು ಎಂದು ಆ ದಿನ ಊರು ಒಪ್ಪಿಕೊಳ್ಳುತ್ತದೆ.

ಈ ವಿದ್ಯೆ ಬಹಳ ಹಳೆಯದು. ಕದಂಬರ ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದ ಸಂಗತಿಯನ್ನು ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವೇ ಹೇಳುತ್ತದೆ. ಆದರೆ ಕೆರೆಯ ಲಕ್ಷಣವನ್ನು ಶಾಸ್ತ್ರವಾಗಿ ನಿರೂಪಿಸಿದ ಶಾಸನವೆಂದರೆ ಪೋರುಮಾಮಿಳ್ಳದ್ದು. ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿರುವ ಆ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ, ಕಾಲ ಕ್ರಿ.ಶ. 1369. ದಿನವೊಂದಕ್ಕೆ 1000 ಕೆಲಸಗಾರರೂ 100 ಬಂಡಿಗಳೂ ದುಡಿದು, 2 ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಶಾಸನ ತಿಳಿಸುತ್ತದೆ. ಅದರಲ್ಲಿ ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ಕೆರೆಗೆ ತಟ್ಟುವ 6 ದೋಷಗಳನ್ನೂ ಎಣಿಸಿದ್ದಾರೆ. ಸಾಧನಗಳಲ್ಲಿ ಧರ್ಮಬುದ್ಧಿಯುಳ್ಳ ಅರಸನಿದ್ದಾನೆ, ಜಲಶಾಸ್ತ್ರ ಬಲ್ಲವನಿದ್ದಾನೆ, ಗಟ್ಟಿಯಾದ ಜೇಡಿನೆಲವಿದೆ, ಬಹಳ ಉದ್ದವಾಗಿರದೆ ಭದ್ರವಾಗಿರುವ ಕಲ್ಲಿನ ಏರಿಯಿದೆ, ಹತ್ತಿರದಲ್ಲೇ ಕಲ್ಲಿನ ಗಣಿಯಿದೆ, ಕಟ್ಟುವ ಕೆಲಸದಲ್ಲಿ ಪಳಗಿದ ಜನರ ತಂಡವಿದೆ. ದೋಷಗಳನ್ನಂತೂ ಇಂದಿನ ಇಂಜಿನಿಯರರೂ ತಲೆದೂಗಿ ಒಪ್ಪಬೇಕು: ಏರಿಯಲ್ಲಿ ನೀರು ಜಿನುಗುವುದು, ನೆಲ ಚೌಳಾಗಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಸ್ವಲ್ಪವಿದ್ದು ನೆಲ ಬಹಳವಿರುವುದು, ನೀರು ಬಹಳವಿದ್ದು ನೆಲ ಸ್ವಲ್ಪವಿರುವುದು. ಇನ್ನೊಂದು ದೋಷ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಮಣ್ಣು, ಕಲ್ಲು, ಇಳಿಜಾರಿನ ಲೆಕ್ಕದ ನಡುವೆ ಜಗಳದ ಲೆಕ್ಕವನ್ನೂ ಸೇರಿಸಿದ ಆ ಶಾಸನಕಾರನ ಲೋಕಾನುಭವ ದೊಡ್ಡದು.

ಕಡಿಮೆ ಮಳೆಯ ಊರೊಂದು ಈ ವಿದ್ಯೆಯನ್ನು ಹೇಗೆ ಬಳಸಿಕೊಂಡಿತೆಂಬುದನ್ನು ನೋಡಬೇಕೆಂದರೆ ಚಿತ್ರದುರ್ಗಕ್ಕೆ ಹೋಗಬೇಕು. ಅಲ್ಲಿ ದೊಡ್ಡ ನದಿಯಿಲ್ಲ; ವರ್ಷದ ಮಳೆ ಸುಮಾರು 600 ಮಿ.ಮೀ. ಮಾತ್ರ. ಬೆಟ್ಟವೆಲ್ಲ ಬರಿಯ ಬಂಡೆ. ಬಿದ್ದ ಹನಿ ಇಂಗದೆ ಜಾರಿಹೋಗುವ ನೆಲ. ಇಂದಿನ ಪಟ್ಟಣಗಳ ಸಿಮೆಂಟು ಅಂಗಳದ ಸಮಸ್ಯೆಯೂ ಇದೇ ಅಲ್ಲವೇ? ದುರ್ಗದವರು ಆ ಬಂಡೆಯನ್ನೇ ನೀರು ಕೂಡಿಸುವ ತಟ್ಟೆಯನ್ನಾಗಿ ಮಾಡಿಕೊಂಡರು. ಕೋಟೆಯೊಳಗೆ ಎತ್ತರದಲ್ಲಿರುವ ಗೋಪಾಲಸ್ವಾಮಿ ಹೊಂಡ ತುಂಬಿ ಹೊರಚೆಲ್ಲಿದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಕೆಳಗಿನ ಪೇಟೆಯ ಸಂತೆ ಹೊಂಡಕ್ಕೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು ವೇಗವನ್ನು ಕಳೆದುಕೊಳ್ಳುತ್ತದೆ, ಹೊತ್ತು ತಂದ ಮಣ್ಣನ್ನು ಒಂದೊಂದು ಹೊಂಡದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಪೇಟೆಗೆ ಅದು ಪ್ರವಾಹವಾಗಿ ಬರುವುದಿಲ್ಲ, ನೀರಾಗಿ ಬರುತ್ತದೆ. ಒನಕೆ ಓಬವ್ವ ಹೈದರಾಲಿಯ ಸೈನಿಕರನ್ನು ಕಿಂಡಿಯಲ್ಲಿ ಕಂಡದ್ದು ನೀರು ತರಲು ಹೋದಾಗ ಎಂದು ಜನಪದ ಹೇಳುವುದನ್ನು ಇಲ್ಲಿ ನೆನೆಯಬಹುದು. 1779ರಲ್ಲಿ ದುರ್ಗ ಹೈದರನ ವಶವಾಯಿತು, ಹೊಂಡಗಳು ಉಳಿದವು.

ಕಟ್ಟುವುದಕ್ಕಿಂತ ಕಾಯುವುದು ಕಷ್ಟ. ಹರಿದು ಬರುವ ನೀರು ಪ್ರತಿವರ್ಷ ಹೂಳನ್ನು ತರುತ್ತದೆ; ತೆಗೆಯದೆ ಬಿಟ್ಟರೆ ಕೆರೆ ಕಾಲಕ್ರಮದಲ್ಲಿ ಬಯಲಾಗುತ್ತದೆ. ಇದನ್ನರಿತೇ ನಮ್ಮ ಶಾಸನಗಳು ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಸವಂದಗಳೆಂಬ ಏರ್ಪಾಡುಗಳನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಕೆರೆಯನ್ನು ಕಟ್ಟಿದವನಿಗೆ, ಕಾಪಾಡುವವನಿಗೆ, ಹೂಳು ಹೊರುವ ಬಂಡಿಗೆ, ಆ ಬಂಡಿಯ ಕೋಣಗಳಿಗೆ ಇಂತಿಷ್ಟು ಭೂಮಿ ಅಥವಾ ಬೆಳೆಯ ಪಾಲು ಎಂದು ಗೊತ್ತುಮಾಡಿರುತ್ತಿದ್ದರು. ಬೇಸಿಗೆಯಲ್ಲಿ ರೈತರು ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊತ್ತರೆ ಕೆರೆಯೂ ಆಳವಾಯಿತು, ಹೊಲವೂ ಫಲವತ್ತಾಯಿತು. ತೂಬನ್ನು ತೆರೆದು ಮುಚ್ಚುವ, ಮಳೆಯ ರಾತ್ರಿ ಏರಿಯ ಮೇಲೆ ಕಾವಲಿರುವ ಹೊಣೆ ನೀರುಗಂಟಿಯದು. ಕಾಯಕವೆಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹುಡುಕಬೇಕಿಲ್ಲ.

ಹಿಂದಿನದೆಲ್ಲವೂ ಚಿನ್ನವಾಗಿತ್ತೆಂದು ಹೇಳುವುದು ಸುಲಭ, ಆದರೆ ಸತ್ಯವಲ್ಲ. ಏರಿಗಳು ಒಡೆದವು, ಜೀರ್ಣೋದ್ಧಾರದ ಶಾಸನಗಳೇ ಅದಕ್ಕೆ ಸಾಕ್ಷಿ. ನೀರು ನಿಲ್ಲಲೆಂದು ಸೊಸೆಯನ್ನು ಬಲಿಕೊಟ್ಟ 'ಕೆರೆಗೆ ಹಾರ'ದ ಭಾಗೀರಥಿಯನ್ನು ನಮ್ಮ ಹೆಣ್ಣುಮಕ್ಕಳು ಹಾಡಿನಲ್ಲಿ ಇಂದಿಗೂ ಮರೆತಿಲ್ಲ. ಕೆರೆ ಅಗೆದ ಕೈಗಳಿಗೇ ಅದರ ನೀರನ್ನು ಮುಟ್ಟುವ ಹಕ್ಕು ಎಷ್ಟೋ ಊರುಗಳಲ್ಲಿ ಇರಲಿಲ್ಲ. 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದು ಪ್ರಶ್ನಿಸಿದ್ದು ಇದನ್ನೇ. ಶರಣರು ಎಂಟು ಶತಮಾನಗಳ ಹಿಂದೆಯೇ ಪ್ರಶ್ನಿಸಿದ್ದ ಅಸಮಾನತೆ ಕೆರೆಯ ದಂಡೆಯಲ್ಲಿ ಅಷ್ಟು ಕಾಲ ಉಳಿದುಕೊಂಡಿತ್ತು.

1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿಯವರು, ಸಂಸ್ಥಾನದ ಶೇಕಡಾ 60ರಷ್ಟು ನೆಲ ಕೆರೆಗಳ ಸರಪಣಿಯೊಳಗೆ ಸೇರಿದೆ, ಅಲ್ಲಿ ಬಿದ್ದ ಮಳೆ ಸುಮ್ಮನೆ ತಪ್ಪಿಸಿಕೊಂಡು ಹೋಗುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. ಅಂಥ ಸರಪಣಿ ಸಡಿಲವಾದದ್ದು ಹೊಣೆ ಕೈಬದಲಾದಾಗ. ಊರಿನದಾಗಿದ್ದ ಕೆರೆ ಇಲಾಖೆಯದಾಯಿತು. ಮಾನ್ಯದ ಭೂಮಿಗಳ ಹಳೆಯ ಕಟ್ಟುಪಾಡು ಕರಗಿತು. ಕೊಳವೆಬಾವಿ ಬಂದ ಮೇಲಂತೂ ಕೆರೆಯನ್ನು ನೋಡುವವರೇ ಇಲ್ಲವಾದರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ನೆಲ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ವರ್ತೂರುಗಳ ಸುತ್ತ ಮನೆಗಳೊಳಗೆ ನೀರು ನುಗ್ಗಿತು. ಕೋಡಿಯ ದಾರಿ ಮುಚ್ಚಿಹೋದಾಗ ನೀರು ಬೇರೆ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ.

ವಿಚಿತ್ರವೆಂದರೆ, 1990ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜ್ಸ್ ಕೌಂಟಿಯ ಅಧಿಕಾರಿಗಳು ಇಂಥದೇ ಒಂದು ನಿರ್ಣಯಕ್ಕೆ ಬಂದರು. ಮಳೆನೀರನ್ನು ದೊಡ್ಡ ಕೊಳವೆಗಳಲ್ಲಿ ಬೇಗನೆ ಹೊರಗೆ ಸಾಗಿಸುವ ಬದಲು, ಮನೆ ಮನೆಯ ಪಕ್ಕದಲ್ಲಿ ತಗ್ಗು ಮಾಡಿ, ಮರಳುಮಿಶ್ರಿತ ಮಣ್ಣು ತುಂಬಿ, ಗಿಡ ನೆಟ್ಟು, ಬಿದ್ದಲ್ಲಿಯೇ ಇಂಗಿಸುವ ಪದ್ಧತಿಯನ್ನು ಅವರು ರೂಪಿಸಿದರು. ನಮ್ಮ ಹಿರಿಯರಿಂದ ಅವರು ಕಲಿತರೆಂದು ಹೇಳಲು ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ನೀರಿನ ಸ್ವಭಾವ ಎಲ್ಲೆಡೆಯೂ ಒಂದೇ.

ಸಣ್ಣ ಊರೊಂದು ಈ ಕೆಲಸವನ್ನು ಇಂದು ಮತ್ತೆ ತೊಡಗಬೇಕೆಂದರೆ ಮೊದಲು ಬೇಕಾದದ್ದು ಯಂತ್ರವೂ ಅಲ್ಲ, ಹಣವೂ ಅಲ್ಲ. ಗ್ರಾಮದ ಹಳೆಯ ನಕಾಶೆ. ಅದರಲ್ಲಿ ಹಳ್ಳ, ಕಾಲುವೆ, ಗೋಕಟ್ಟೆಗಳು 'ಬಿ ಖರಾಬು' ಎಂಬ ಹೆಸರಿನಲ್ಲಿ ಸಾರ್ವಜನಿಕ ನೆಲವಾಗಿ ದಾಖಲಾಗಿರುತ್ತವೆ. ಮಳೆಗಾಲಕ್ಕೆ ಮುನ್ನ ಆ ನಕಾಶೆಯನ್ನು ಹಿಡಿದು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಕೋಡಿಯಿಂದ ಕೆಳಕ್ಕೆ ನಡೆಯಬೇಕು. ಎಲ್ಲಿ ಗೋಡೆ ಅಡ್ಡ ಬಂದಿದೆ, ಎಲ್ಲಿ ತಿಪ್ಪೆ ಬಿದ್ದಿದೆ, ಎಲ್ಲಿ ಕಾಲುವೆಯ ತಳಕ್ಕೆ ಸಿಮೆಂಟು ಬಳಿದು ನೀರು ಇಂಗದಂತಾಗಿದೆ ಎಂಬುದನ್ನು ಗುರುತು ಮಾಡಿಕೊಂಡರೆ, ಉಳಿದ ಕೆಲಸಕ್ಕೆ ಗುದ್ದಲಿ ಸಾಕು.