ಹೆಜ್ಜೆ ಎಣಿಸಿ ಕಟ್ಟಿದ ಅಡುಗೆಮನೆ

ಮನೆಯೊಳಗೆ ಗೋಡೆ ಒಡೆದು ಬದಲಾವಣೆ ಮಾಡಿಸುವಾಗ ಮೇಸ್ತ್ರಿ ಮಾತಾಡುವುದು ಯಜಮಾನರ ಜೊತೆ. ಅಡುಗೆಮನೆ ಎಷ್ಟು ಅಗಲ ಅನ್ನೋದೂ ಅಲ್ಲೇ ತೀರ್ಮಾನ. ಒಲೆ ಮುಂದೆ ನಿಲ್ಲುವವರನ್ನು ಕೇಳುವವರು ಕಡಿಮೆ. ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಒಬ್ಬ ಹೆಣ್ಣುಮಗಳು ಅಡುಗೆ ಮಾಡುವವರ ಶ್ರಮವನ್ನೇ ಲೆಕ್ಕಕ್ಕೆ ತಗೊಂಡರು.

ಮೊದಲ ಮಹಾಯುದ್ಧದ ನಂತರ ಫ್ರಾಂಕ್‌ಫರ್ಟ್ ನಗರದಲ್ಲಿ ಮನೆಗಳಿಗೆ ಬಹಳ ಕೊರತೆ. ನಗರಾಡಳಿತ ಸಾವಿರಾರು ಸಣ್ಣ ಮನೆ ಕಟ್ಟಿಸತೊಡಗಿತು. 1926ರಲ್ಲಿ ಅವುಗಳ ಅಡುಗೆಮನೆಗೆ ನಕ್ಷೆ ಮಾಡಿದವರು ವಿಯೆನ್ನಾದ ಮಾರ್ಗರೆಟೆ ಲಿಹೋಟ್ಸ್ಕಿ. ಆಗ ಅವರಿಗೆ 29 ವರ್ಷ. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಕೋಣೆಯೇ ಮಾದರಿ. ಒಲೆಯಿಂದ ಪಾತ್ರೆ ತೊಳೆಯುವ ಜಾಗಕ್ಕೆ ಎಷ್ಟು ಹೆಜ್ಜೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರು.

ಕೋಣೆ ಅಂದಾಜು 6 ಅಡಿ ಅಗಲ, 11 ಅಡಿ ಉದ್ದ. ತರಕಾರಿ ಹೆಚ್ಚಲು ಕಿಟಕಿ ಬೆಳಕಿನಲ್ಲೇ ಮೇಜು, ಕೂತು ಕೆಲಸ ಮಾಡಲು ಸ್ಟೂಲು, ಕೈಗೆಟುಕುವಲ್ಲೇ ಹಿಟ್ಟಿನ ಡಬ್ಬಿ. ಸುಮಾರು 10,000 ಮನೆಗಳಿಗೆ ಇಂಥ ಅಡುಗೆಮನೆ ಬಂತು. ಈಗಿನ ಮಾಡ್ಯುಲರ್ ಕಿಚನ್‌ಗೆ ಇದೇ ಮೂಲ ಅನ್ನುತ್ತಾರೆ.

ಆದರೆ ದೂರುಗಳೂ ಬಂದವು. ಇಬ್ಬರು ಸೇರಿ ಕೆಲಸ ಮಾಡಲು ಜಾಗವಿಲ್ಲ, ಆಡುವ ಮಗುವಿನ ಮೇಲೆ ಕಣ್ಣಿಡಲು ಆಗಲ್ಲ, ಹೆಂಗಸು ಒಂಟಿಯಾಗಿಬಿಟ್ಟಳು ಅಂತ. ಈ ನಕ್ಷೆಗೆ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಲಿಹೋಟ್ಸ್ಕಿ ಅವರೇ ಮುಂದೆ ಹೇಳಿಕೊಂಡರು.

ಹೆಜ್ಜೆ ಎಣಿಸಿದರೆ ಸಾಲದು, ಹೆಜ್ಜೆ ಹಾಕುವವರನ್ನೂ ಕೇಳಬೇಕು. ಗೋಡೆ ಒಡೆಯುವ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಅಡುಗೆ ಮಾಡುವವರು ಅದರೊಳಗೆ ಒಮ್ಮೆ ಓಡಾಡಿ ನೋಡಲಿ. ಗೆರೆ ಅಳಿಸಲು ಖರ್ಚಿಲ್ಲ, ಗೋಡೆ ಕೆಡವಲು ಇದೆ.