ಬಿಡುವಿನ ದಿನದ ಧರ್ಮ, ದುಡಿಮೆಯ ದಿನದ ಲೆಕ್ಕ

ಧರ್ಮಶ್ರದ್ಧೆಯುಳ್ಳ ಗೃಹಸ್ಥನ ಮನೆಯಲ್ಲಿ ವಾರದ ಬಿಡುವಿನ ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ನೋಡಿದರೆ ಆ ಮನೆತನದ ಸಂಸ್ಕಾರ ತಿಳಿದುಬರುತ್ತದೆ. ಪ್ರಾರ್ಥನೆ, ಗ್ರಂಥಪಠನ, ಮಿತ್ರರ ಸಹವಾಸ, ಮಕ್ಕಳ ಆಟಪಾಠ ಇವೆಲ್ಲಕ್ಕೂ ಅವಕಾಶ ದೊರೆಯುವುದು ಆ ದಿನಗಳಲ್ಲಿಯೇ. ಆದರೆ ಆ ಸಂಸ್ಕಾರ ಎಷ್ಟು ಆಳವಾದುದು ಎಂಬುದನ್ನು ಅರಿಯಬೇಕಾದರೆ, ಸೋಮವಾರ ಅಂಗಡಿಯ ಬಾಗಿಲು ತೆರೆದ ಮೇಲೆ ಅದೇ ಗೃಹಸ್ಥನು ಏನನ್ನು, ಯಾರಿಂದ, ಹೇಗೆ ಕೊಳ್ಳುತ್ತಾನೆ ಎಂಬುದನ್ನೂ ನೋಡಬೇಕಾಗುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟು ಪರೀಕ್ಷಿಸಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಕ್ಯಾಡ್ಬರಿ ಮನೆತನದ ಇತಿಹಾಸಕ್ಕಿಂತ ಉತ್ತಮವಾದ ನಿದರ್ಶನ ಸಿಗುವುದು ಕಷ್ಟ. ಚಾಕೊಲೇಟಿನ ಕಾಗದದ ಮೇಲೆ ಆ ಹೆಸರನ್ನು ಓದದ ಮಕ್ಕಳಿಲ್ಲ. ಆ ಹೆಸರಿನ ಹಿಂದಿರುವ ಕಥೆಯನ್ನು ಬಲ್ಲವರು ವಿರಳ.

ಕ್ಯಾಡ್ಬರಿಗಳು ಕ್ವೇಕರ್ ಪಂಥದವರು. 17ನೆಯ ಶತಮಾನದ ಮಧ್ಯಭಾಗದಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಉಪದೇಶದಿಂದ ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡ ಈ ಪಂಥವು ತನ್ನನ್ನು ‘ಮಿತ್ರರ ಸಂಘ’ವೆಂದೇ ಕರೆದುಕೊಂಡಿತು. ಇವರ ಪ್ರಾರ್ಥನಾಸಭೆಯಲ್ಲಿ ಪುರೋಹಿತನಿರಲಿಲ್ಲ, ವಿಧಿವಿಧಾನಗಳಿರಲಿಲ್ಲ. ಎಲ್ಲರೂ ಮೌನವಾಗಿ ಕುಳಿತು, ಅಂತರಂಗದ ಪ್ರೇರಣೆಯಾದವರು ಮಾತ್ರ ಎದ್ದು ನಾಲ್ಕು ಮಾತನಾಡುವುದು ವಾಡಿಕೆ. ಆಯುಧ ಹಿಡಿಯುವುದಿಲ್ಲವೆಂಬುದು ಇವರ ನಿಯಮ. ನ್ಯಾಯಾಲಯದಲ್ಲಿಯೂ ಪ್ರಮಾಣವಚನ ಸ್ವೀಕರಿಸಲೊಪ್ಪುತ್ತಿರಲಿಲ್ಲ. ಪ್ರಮಾಣ ಮಾಡಿದಾಗ ಮಾತ್ರ ಸತ್ಯ ಹೇಳುವವನು ಉಳಿದ ದಿನ ಏನು ಹೇಳುತ್ತಾನೆ ಎಂಬುದು ಇವರ ವಾದ. ವಾರದ ದಿನಗಳ ಇಂಗ್ಲಿಷ್ ಹೆಸರುಗಳು ಪ್ರಾಚೀನ ದೇವತೆಗಳಿಂದ ಬಂದವೆಂಬ ಕಾರಣಕ್ಕೆ ಅವುಗಳನ್ನೂ ತ್ಯಜಿಸಿ, ಭಾನುವಾರವನ್ನು ‘ಮೊದಲನೆಯ ದಿನ’ ಎಂದೂ ಶನಿವಾರವನ್ನು ‘ಏಳನೆಯ ದಿನ’ ಎಂದೂ ಕರೆಯುತ್ತಿದ್ದರು.

ರಾಜಮಾನ್ಯ ಚರ್ಚಿಗೆ ಸೇರದವರಾದುದರಿಂದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪದವಿ 19ನೆಯ ಶತಮಾನದ ಮಧ್ಯದವರೆಗೂ ಇವರಿಗೆ ದಕ್ಕಲಿಲ್ಲ. ಸೈನ್ಯ ಸೇರುವುದು ವ್ರತಭಂಗ. ಉಳಿದ ಮಾರ್ಗವೆಂದರೆ ವ್ಯಾಪಾರ. ಬಾರ್ಕ್ಲೇಸ್, ಲಾಯ್ಡ್ಸ್ ಮುಂತಾದ ಬ್ಯಾಂಕುಗಳೂ ಫ್ರೈ, ರೌನ್‌ಟ್ರೀ, ಕ್ಯಾಡ್ಬರಿ ಎಂಬ ಚಾಕೊಲೇಟ್ ಉದ್ಯಮಗಳೂ ಕ್ವೇಕರ್ ಮನೆತನಗಳಿಂದಲೇ ಬೆಳೆದವು. ಚೌಕಾಸಿಯು ಸರ್ವತ್ರ ರೂಢಿಯಲ್ಲಿದ್ದ ಕಾಲದಲ್ಲಿ, ಬಂದವನು ಮಗುವಾದರೂ ದೊಡ್ಡವನಾದರೂ ಒಂದೇ ಬೆಲೆ ಎಂಬ ಪದ್ಧತಿಯನ್ನು ಇವರು ಪಾಲಿಸಿದರು. ಧರ್ಮಬುದ್ಧಿಯಿಂದ ಆರಂಭವಾದ ಈ ಪದ್ಧತಿ ಗಿರಾಕಿಗಳ ವಿಶ್ವಾಸವನ್ನು ಗಳಿಸಿಕೊಟ್ಟು ವ್ಯಾಪಾರಕ್ಕೂ ಲಾಭದಾಯಕವಾಯಿತು.

1824ರಲ್ಲಿ ಜಾನ್ ಕ್ಯಾಡ್ಬರಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ಚಹ, ಕಾಫಿ, ಕೋಕೋಗಳ ಅಂಗಡಿ ತೆರೆದನು. ಮದ್ಯಪಾನದ ಕಡು ವಿರೋಧಿಯಾದ ಆತನಿಗೆ, ಬಡ ಕಾರ್ಮಿಕನ ಕೈಗೆ ಮದ್ಯದ ಬದಲು ಬೇರೊಂದು ಪಾನೀಯವನ್ನು ಕೊಡುವುದು ಧರ್ಮಕಾರ್ಯವೆಂದೇ ತೋರಿತ್ತು. 1861ರಲ್ಲಿ ಆತನ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ಹೊಣೆ ವಹಿಸಿಕೊಂಡಾಗ ಉದ್ಯಮ ನಷ್ಟದಲ್ಲಿತ್ತು. ತಾಯಿಯಿಂದ ಬಂದ ಹಣವನ್ನೂ ಅದಕ್ಕೇ ಸುರಿದು, ಸ್ವಂತ ಖರ್ಚನ್ನು ಮೊಟಕುಗೊಳಿಸಿ ಸೋದರರು ದುಡಿದರು. ಆ ಕಾಲದ ಕೋಕೋ ಪುಡಿಯಲ್ಲಿ ಆಲೂಗೆಡ್ಡೆಯ ಹಿಟ್ಟು, ಸಾಬೂದಾನಿಯ ಹಿಟ್ಟು ಮುಂತಾದುವನ್ನು ಬೆರೆಸುವುದು ಸಾಮಾನ್ಯವಾಗಿತ್ತು. 1866ರಲ್ಲಿ ಹಾಲೆಂಡಿನ ಯಂತ್ರವನ್ನು ತರಿಸಿ, ಕೋಕೋದ ಹೆಚ್ಚುವರಿ ಕೊಬ್ಬನ್ನು ಹಿಂಡಿ ತೆಗೆದು, ಏನನ್ನೂ ಬೆರೆಸದ ಶುದ್ಧ ಪುಡಿಯನ್ನು ಇವರು ಮಾರುಕಟ್ಟೆಗೆ ತಂದರು. ಅದರಿಂದಲೇ ಉದ್ಯಮ ಚೇತರಿಸಿಕೊಂಡಿತು.

ಪಾಶ್ಚಾತ್ಯ ದೇಶಗಳ ವಾರಾಂತ್ಯದ ಬಿಡುವು ಅನಾದಿಯಿಂದ ಬಂದುದೇನಲ್ಲ. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಮಕ್ಕಳು ಸಹ ವಾರಕ್ಕೆ ಆರು ದಿನ ದುಡಿಯುತ್ತಿದ್ದರು, ಭಾನುವಾರವೊಂದೇ ಬಿಡುವು. ಆ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳನ್ನು ಕಂಡು, ಗ್ಲಾಸ್ಟರ್ ಪಟ್ಟಣದ ಪತ್ರಿಕಾ ಮುದ್ರಕ ರಾಬರ್ಟ್ ರೈಕ್ಸ್ 1780ರಲ್ಲಿ ಅವರಿಗೆ ಅಕ್ಷರವನ್ನೂ ಧರ್ಮವನ್ನೂ ಕಲಿಸುವ ಭಾನುವಾರದ ಶಾಲೆಯನ್ನು ತೆರೆದನು. 1850ರ ಕಾಯಿದೆಯು ಬಟ್ಟೆ ಗಿರಣಿಗಳಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದು ವಿಧಿಸಿತು. ಇತರ ಉದ್ಯಮಗಳಿಗೆ ಅಂತಹ ನಿರ್ಬಂಧವಿಲ್ಲದಿದ್ದಾಗಲೂ ತಮ್ಮ ಕೆಲಸಗಾರರಿಗೆ ಶನಿವಾರದ ಅರ್ಧದಿನದ ರಜೆಯನ್ನು ತಾವಾಗಿಯೇ ಕೊಟ್ಟವರಲ್ಲಿ ಕ್ಯಾಡ್ಬರಿ ಸೋದರರೂ ಸೇರಿದ್ದಾರೆ.

ಅವರು ತಮ್ಮ ಬಿಡುವನ್ನು ಹೇಗೆ ಕಳೆದರು? ಬರ್ಮಿಂಗ್‌ಹ್ಯಾಮಿನ ಸೆವರ್ನ್ ಸ್ಟ್ರೀಟಿನಲ್ಲಿ ಜೋಸೆಫ್ ಸ್ಟರ್ಜ್ ಎಂಬ ಕ್ವೇಕರ್ ಧಾನ್ಯವ್ಯಾಪಾರಿ 1845ರಲ್ಲಿ ‘ಮೊದಲನೆಯ ದಿನದ ಶಾಲೆ’ಯೊಂದನ್ನು ಆರಂಭಿಸಿದ್ದನು. ಇದು ಕ್ರಮೇಣ ಅಕ್ಷರ ಬಾರದ ವಯಸ್ಕ ಕೂಲಿಕಾರರ ಶಾಲೆಯಾಗಿ ಬೆಳೆಯಿತು. ತಾರುಣ್ಯದಲ್ಲಿಯೇ ಅಲ್ಲಿ ಉಪಾಧ್ಯಾಯನಾಗಿ ಸೇರಿದ ಜಾರ್ಜ್ ಕ್ಯಾಡ್ಬರಿ ಸುಮಾರು 50 ವರ್ಷ ಆ ಸೇವೆಯನ್ನು ಬಿಡಲಿಲ್ಲ. ಆತನು ದೇಶದ ಶ್ರೀಮಂತ ಉದ್ಯಮಿಗಳಲ್ಲೊಬ್ಬನಾದ ಮೇಲೂ ಭಾನುವಾರ ಮುಂಜಾನೆ ಊರು ಏಳುವ ಮೊದಲೇ ಮನೆಯಿಂದ ಹೊರಟು ತನ್ನ ತರಗತಿಗೆ ಹೋಗುತ್ತಿದ್ದನು. ಬೈಬಲ್ ಪಠನ, ಬರವಣಿಗೆಯ ಅಭ್ಯಾಸ, ಸುಖದುಃಖದ ಮಾತುಕತೆ ಇವೇ ಅಲ್ಲಿಯ ಕಾರ್ಯಕ್ರಮ. ಕುಡಿತಕ್ಕೆ ದಾಸರಾದವರೂ ಸೆರೆಮನೆ ಕಂಡವರೂ ಆ ಬೆಂಚುಗಳ ಮೇಲಿದ್ದರು. ಅಲ್ಲಿ ಧಣಿ-ಆಳು ಎಂಬ ಭೇದವಿರಲಿಲ್ಲ. ಪಂಥದ ಹೆಸರಿಗೆ ತಕ್ಕಂತೆ ಮಿತ್ರರಿದ್ದರು.

ಈ ಮೈತ್ರಿಯೇ ಮುಂದಿನ ದೊಡ್ಡ ಕಾರ್ಯಕ್ಕೆ ಕಾರಣವಾಯಿತು. ಶಾಲೆಗೆ ಬಾರದವನು ಏಕೆ ಬರಲಿಲ್ಲವೆಂದು ವಿಚಾರಿಸಲು ಜಾರ್ಜ್ ಅವರವರ ಮನೆಗೆ ಹೋಗುತ್ತಿದ್ದನು. ಗಾಳಿಬೆಳಕಿಲ್ಲದ ಓಣಿಗಳು, ಬೆನ್ನಿಗೆ ಬೆನ್ನು ಹತ್ತಿಸಿ ಕಟ್ಟಿದ ಇಕ್ಕಟ್ಟಾದ ಮನೆಗಳು, ಕಾಯಿಲೆಯ ಮಕ್ಕಳು ಕಣ್ಣಿಗೆ ಬಿದ್ದರು. ಇಂತಹ ಮನೆಯಲ್ಲಿರುವವನಿಗೆ ಸದ್ಗುಣದ ಉಪದೇಶ ಮಾಡಿ ಪ್ರಯೋಜನವಿಲ್ಲ, ಮೊದಲು ಮನೆ ಬೇಕು ಎಂಬುದು ಆತನಿಗೆ ಮನದಟ್ಟಾಯಿತು. ಕಾರ್ಖಾನೆಯನ್ನು ಸೋದರರು 1879ರಲ್ಲಿಯೇ ನಗರದ ಹೊರಗಿನ ಹೊಲಗಳ ನಡುವೆ ಬೋರ್ನ್‌ವಿಲ್ ಎಂಬಲ್ಲಿಗೆ ಸ್ಥಳಾಂತರಿಸಿದ್ದರು. 1893ರಲ್ಲಿ ಜಾರ್ಜ್ ಅದರ ಪಕ್ಕದಲ್ಲಿ 120 ಎಕರೆ ಕೊಂಡು, ಎರಡು ವರ್ಷಗಳ ನಂತರ ತೋಟಸಹಿತವಾದ ಮನೆಗಳನ್ನು ಕಟ್ಟಿಸತೊಡಗಿದನು. ಇವು ತನ್ನ ಕಾರ್ಖಾನೆಯವರಿಗಷ್ಟೇ ಮೀಸಲಾಗಿರಲಿಲ್ಲ. 1900ರಲ್ಲಿ 330 ಎಕರೆ ಭೂಮಿಯನ್ನೂ 313 ಮನೆಗಳನ್ನೂ ಒಂದು ಧರ್ಮದರ್ಶಿ ಮಂಡಲಿಗೆ ಒಪ್ಪಿಸಿ ಸ್ವಾಮ್ಯವನ್ನು ಬಿಟ್ಟುಕೊಟ್ಟನು. ಆ ಮಂಡಲಿ ಇಂದಿಗೂ ಇದೆ.

ಮಕ್ಕಳ ವಿಷಯದಲ್ಲಿ ಈ ಮನೆತನದ ಆಸ್ಥೆ ವಿಶೇಷವಾದುದು. ಜಾರ್ಜನಿಗೆ ಎರಡು ವಿವಾಹಗಳಿಂದ 11 ಮಂದಿ ಮಕ್ಕಳು. ಮನೆಮಂದಿಯ ನಿತ್ಯಪ್ರಾರ್ಥನೆ, ಭಾನುವಾರದ ಮೌನಸಭೆ ಅವರ ಬಾಲ್ಯದ ಅಂಗವಾಗಿದ್ದವು. ಎರಡನೆಯ ಪತ್ನಿ ಎಲಿಜಬೆತ್ ತಾನೂ ಶಿಕ್ಷಣಸೇವೆಯಲ್ಲಿ ಆಸಕ್ತಳು. 1894ರಿಂದ ಅವರು ವಾಸವಾಗಿದ್ದ ನಾರ್ತ್‌ಫೀಲ್ಡಿನ ದೊಡ್ಡ ಮನೆಯ ಆವರಣದಲ್ಲಿ ‘ಬಾರ್ನ್’ ಎಂದು ಕರೆಯುತ್ತಿದ್ದ ವಿಶಾಲವಾದ ಚಾವಡಿಯೊಂದನ್ನು ಕಟ್ಟಿಸಿದ್ದರು. ಬೇಸಗೆಯಲ್ಲಿ ನಗರದ ಬಡ ಬೀದಿಗಳ ಮಕ್ಕಳು ತಂಡತಂಡವಾಗಿ ಅಲ್ಲಿಗೆ ಬಂದು ಹುಲ್ಲಿನ ಮೇಲೆ ಆಡಿ, ಚಹ-ತಿಂಡಿ ಸೇವಿಸಿ ಹಿಂದಿರುಗುತ್ತಿದ್ದರು. ಹಸಿರು ಬಯಲನ್ನು ಅಪರೂಪಕ್ಕೆ ಕಾಣುವ ಮಕ್ಕಳಿಗೆ ಅದೊಂದು ಹಬ್ಬ. ಬೋರ್ನ್‌ವಿಲ್ಲಿನಲ್ಲಿ ಆಟದ ಬಯಲುಗಳಾದವು. 1906ರಲ್ಲಿ ಶಾಲೆ ತೆರೆಯಿತು. ಅಣ್ಣ ರಿಚರ್ಡ್ ಸಹ ವಯಸ್ಕರ ಶಾಲೆಗಾಗಿ ದುಡಿದನು. 1897ರಲ್ಲಿ ವೃದ್ಧರಿಗಾಗಿ ಧರ್ಮಾರ್ಥ ವಸತಿಗಳನ್ನು ಕಟ್ಟಿಸಿ, 1899ರಲ್ಲಿ ಯಾತ್ರೆಗೆ ಹೋದಾಗ ಜೆರೂಸಲೇಮಿನಲ್ಲಿ ನಿಧನನಾದನು.

ಈ ಚಿತ್ರದಲ್ಲಿ ಕುಂದುಗಳಿಲ್ಲವೆಂದಲ್ಲ. ಊರಿನಲ್ಲಿ ಮದ್ಯದಂಗಡಿಗೆ ಅವಕಾಶವಿಲ್ಲ, ಮದುವೆಯಾದ ಸ್ತ್ರೀಗೆ ಕಾರ್ಖಾನೆಯಲ್ಲಿ ಕೆಲಸವಿಲ್ಲ ಎಂಬಂತಹ ನಿಯಮಗಳಲ್ಲಿ ಧಣಿಯ ಇಚ್ಛೆಯೇ ಧರ್ಮವಾಗುವ ಅಪಾಯವಿತ್ತು. ಆದರೂ ವಾರದ ಬಿಡುವನ್ನು ಇಷ್ಟು ಸಾರ್ಥಕವಾಗಿ ಬಳಸಿದ ವ್ಯಾಪಾರಿ ಕುಟುಂಬಗಳು ಇತಿಹಾಸದಲ್ಲಿ ಹೆಚ್ಚಿಲ್ಲ.

ಇನ್ನು ಸೋಮವಾರದ ಲೆಕ್ಕವನ್ನು ನೋಡಬೇಕು.

20ನೆಯ ಶತಮಾನದ ಆರಂಭದಲ್ಲಿ ಈ ಕಾರ್ಖಾನೆಗೆ ಬೇಕಾದ ಕೋಕೋ ಬೀಜದಲ್ಲಿ ಸುಮಾರು ಅರ್ಧದಷ್ಟು ಬರುತ್ತಿದ್ದುದು ಆಫ್ರಿಕದ ಪಶ್ಚಿಮ ಕರಾವಳಿಯಾಚೆ ಪೋರ್ಚುಗಲ್ಲಿನ ವಶದಲ್ಲಿದ್ದ ಸಾವೋ ಟೋಮೆ ಮತ್ತು ಪ್ರಿನ್ಸಿಪೆ ದ್ವೀಪಗಳಿಂದ. 1901ರಲ್ಲಿ ರಿಚರ್ಡನ ಮಗ ವಿಲಿಯಂ, ವೆಸ್ಟ್ ಇಂಡೀಸಿನ ಟ್ರಿನಿಡಾಡ್‌ಗೆ ಹೋಗಿದ್ದಾಗ, ಆ ದ್ವೀಪಗಳ ತೋಟಗಳಲ್ಲಿ ದುಡಿಯುವವರು ವಾಸ್ತವವಾಗಿ ಗುಲಾಮರೆಂಬ ಮಾತನ್ನು ಕೇಳಿದನು. ಅದೇ ಕಾಲದಲ್ಲಿ ತೋಟವೊಂದರ ಮಾರಾಟದ ಪಟ್ಟಿ ಅವರ ಕೈಸೇರಿತು. ಅದರಲ್ಲಿ ಭೂಮಿ, ಕಟ್ಟಡ, ಜಾನುವಾರುಗಳ ಜೊತೆಗೆ ಕೂಲಿಯಾಳುಗಳಿಗೂ ಬೆಲೆ ಕಟ್ಟಲಾಗಿತ್ತು. ಕಾನೂನಿನ ಪ್ರಕಾರ ಪೋರ್ಚುಗಲ್ ಗುಲಾಮಗಿರಿಯನ್ನು ರದ್ದುಪಡಿಸಿತ್ತು. ಆದರೆ ಅಂಗೋಲಾದ ಒಳನಾಡಿನಿಂದ ಹಿಡಿದು ತಂದ ಜನರನ್ನು ಐದು ವರ್ಷದ ಕರಾರಿನ ಹೆಸರಿನಲ್ಲಿ ಹಡಗು ಹತ್ತಿಸುತ್ತಿದ್ದರು. ಕರಾರು ಮುಗಿದರೂ ಅವರು ಊರಿಗೆ ಹಿಂದಿರುಗುವುದು ಇಲ್ಲವೇ ಇಲ್ಲವೆನ್ನುವಂತಿತ್ತು.

ಮುಂದೆ ನಡೆದುದು ಎಂಟು ವರ್ಷಗಳ ವಿಚಾರಣೆ. 1903ರಲ್ಲಿ ವಿಲಿಯಂ ಲಿಸ್ಬನ್ನಿಗೆ ಹೋಗಿ ಅಧಿಕಾರಿಗಳನ್ನೂ ತೋಟದ ಮಾಲೀಕರನ್ನೂ ಕಂಡನು. ಸುಧಾರಣೆಯ ಭರವಸೆ ದೊರೆಯಿತು. 1905ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ಕಂಪೆನಿಯ ವತಿಯಿಂದ ಪರಿಶೀಲನೆಗೆ ಕಳುಹಿಸಲಾಯಿತು. ಅಷ್ಟರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತನು ತಾನಾಗಿಯೇ ಅಂಗೋಲಾದಲ್ಲಿ ಸಂಚರಿಸಿ ಬಂದು, ಕಂಡುದನ್ನು ಪತ್ರಿಕೆಯಲ್ಲಿ ಬರೆದು 1906ರಲ್ಲಿ ಗ್ರಂಥವಾಗಿಯೂ ಪ್ರಕಟಿಸಿದನು. ಬರ್ಟನ ವರದಿಯೂ ಅದನ್ನೇ ದೃಢಪಡಿಸಿತು. ಬ್ರಿಟಿಷ್ ವಿದೇಶಾಂಗ ಇಲಾಖೆ ತಾಳ್ಮೆಯಿಂದಿರಬೇಕೆಂದು ಸೂಚಿಸಿತು. ಖರೀದಿ ನಿಲ್ಲಿಸಿದರೆ ಪೋರ್ಚುಗಲ್ಲಿನ ಮೇಲಿರುವ ಪ್ರಭಾವವೂ ಹೋಗುತ್ತದೆ ಎಂಬುದು ಕಂಪೆನಿಯ ಸಮರ್ಥನೆಯಾಗಿತ್ತು. ಈ ಅವಧಿಯುದ್ದಕ್ಕೂ ಖರೀದಿ ಮುಂದುವರಿದೇ ಇತ್ತು. ಕೊನೆಗೆ ವಿಲಿಯಂ ಸ್ವತಃ ಆಫ್ರಿಕಕ್ಕೆ ಹೋಗಿ ಬಂದ ಮೇಲೆ, 1909ರ ಮಾರ್ಚ್‌ನಲ್ಲಿ ಕ್ಯಾಡ್ಬರಿ, ಫ್ರೈ, ರೌನ್‌ಟ್ರೀ ಕಂಪೆನಿಗಳು ಆ ದ್ವೀಪಗಳ ಕೋಕೋವನ್ನು ಬಹಿಷ್ಕರಿಸಿದವು.

ಇದಕ್ಕೆ ಮೊದಲೇ, 1908ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ‘ಸ್ಟ್ಯಾಂಡರ್ಡ್’ ಪತ್ರಿಕೆ ಈ ಮನೆತನವನ್ನು ಕಟುವಾಗಿ ಟೀಕಿಸಿತ್ತು. ಜಾರ್ಜನ ಒಡೆತನದ ‘ಡೈಲಿ ನ್ಯೂಸ್’ ಪತ್ರಿಕೆಯು ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕೂಲಿಗಳ ಸ್ಥಿತಿಯನ್ನು ಖಂಡಿಸಿದ್ದರಿಂದ, ಅನ್ಯರ ದೋಷವನ್ನು ಎತ್ತಿ ತೋರಿಸುವವರು ತಮ್ಮ ಕೋಕೋದ ಮೂಲವನ್ನೇಕೆ ನೋಡಲಿಲ್ಲವೆಂಬ ಆಕ್ಷೇಪಕ್ಕೆ ಬಲ ಬಂದಿತ್ತು. ಕ್ಯಾಡ್ಬರಿ ಕಂಪೆನಿ ಮಾನನಷ್ಟದ ಮೊಕದ್ದಮೆ ಹೂಡಿತು. 1909ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯದಲ್ಲಿ ಜ್ಯೂರಿಯ ನಿರ್ಣಯ ಹೊರಬಿತ್ತು. ತೀರ್ಪು ಕ್ಯಾಡ್ಬರಿಗಳ ಪರವಾಗಿತ್ತು. ಪರಿಹಾರವಾಗಿ ದೊರೆತುದು ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ಕಾಲುಭಾಗ. ಪತ್ರಿಕೆ ಬರೆದುದು ತಪ್ಪು, ಆದರೆ ನಿಮಗಾದ ನಷ್ಟ ಅತ್ಯಲ್ಪ ಎಂದು ಅವರದೇ ಊರಿನ ನ್ಯಾಯಸ್ಥಾನ ಹೇಳಿದಂತಾಯಿತು.

ಇಲ್ಲಿ ಸೆವರ್ನ್ ಸ್ಟ್ರೀಟ್ ಶಾಲೆಯ ಸ್ಥಾಪಕ ಜೋಸೆಫ್ ಸ್ಟರ್ಜನನ್ನು ಮತ್ತೆ ನೆನೆಯಬೇಕು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಮೇಲೂ ‘ಕೆಲಸ ಕಲಿಯುವವರು’ ಎಂಬ ಹೆಸರಿನಲ್ಲಿ ಅದೇ ಬಂಧನ ಮುಂದುವರಿದಾಗ, ಆತನು 1836ರ ಕೊನೆಗೆ ವೆಸ್ಟ್ ಇಂಡೀಸಿಗೆ ಹೊರಟು, ತೋಟಗಳನ್ನು ಕಣ್ಣಾರೆ ನೋಡಿ, ಮರುವರ್ಷವೇ ಹಿಂದಿರುಗಿ ಸಾಕ್ಷ್ಯ ನುಡಿದನು. 1838ರ ಆಗಸ್ಟ್ 1ರಂದು ಆ ಬಂಧನ ಕೊನೆಗೊಂಡಿತು. ಆತನು ಕಟ್ಟಿದ ಶಾಲೆಯಲ್ಲಿ ಅರ್ಧ ಶತಮಾನ ಪಾಠ ಹೇಳಿದವನ ಕಂಪೆನಿಗೆ ಅಂತಹುದೇ ಕರಾರಿನ ಬಂಧನವನ್ನು ಕಂಡು ಖರೀದಿ ನಿಲ್ಲಿಸಲು ಎಂಟು ವರ್ಷ ಬೇಕಾಯಿತು. ಇದಕ್ಕೆ ಹೃದಯದ ಕಾಠಿನ್ಯ ಕಾರಣವಲ್ಲ. ಭಾನುವಾರದ ತರಗತಿಯಲ್ಲಿ ಒಬ್ಬನು ಕಾಣದಿದ್ದರೆ ಮನೆಯವರೆಗೆ ಹೋಗಿ ವಿಚಾರಿಸುವ ಕರುಣೆ ಜಾರ್ಜನಲ್ಲಿತ್ತು. ಆದರೆ ಅಂಗೋಲಾದ ಕೂಲಿಯ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಖರೀದಿಯ ಪುಸ್ತಕದಲ್ಲಿ ಇದ್ದುದು ಮೂಟೆಗಳ ಲೆಕ್ಕ ಮಾತ್ರ. ಬದಲಿ ಮಾಲು ಸಿದ್ಧವಾಗುವವರೆಗೆ ಹಳೆಯ ಸರಬರಾಜನ್ನು ಬಿಡಲು ವ್ಯಾಪಾರಿಯ ಮನಸ್ಸು ಹಿಂಜರಿಯುವುದೂ, ಆ ಹಿಂಜರಿಕೆಗೆ ಸದುದ್ದೇಶದ ಕಾರಣಗಳು ತಾವಾಗಿಯೇ ಒದಗಿಬರುವುದೂ ವ್ಯಾಪಾರ ಬಲ್ಲವರಿಗೆ ಅಪರಿಚಿತವಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ, ಕಲಬೆರಕೆಯ ವ್ಯವಹಾರವಾದ ‘ಪ್ರತಿರೂಪಕ’ವನ್ನೂ, ಕಳವಿನಿಂದ ಬಂದ ವಸ್ತುವನ್ನು ಸ್ವೀಕರಿಸುವ ‘ತದಾಹೃತಾದಾನ’ವನ್ನೂ ಒಂದೇ ಸೂತ್ರದಲ್ಲಿ ಇರಿಸಿದ್ದಾರೆ. ಮೊದಲನೆಯ ದೋಷವನ್ನು ಈ ಸೋದರರು 1866ರಲ್ಲಿಯೇ ದೃಢವಾಗಿ ತ್ಯಜಿಸಿದ್ದರು; ಎರಡನೆಯದು ಸಮುದ್ರದಾಚೆಯಿಂದ ಬಂದಾಗ ಅದರ ಗುರುತು ತಡವಾಗಿ ಹತ್ತಿತು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಕರ್ಮವೇ ಎಂಬ ವಿಚಾರ ಖರೀದಿದಾರನಿಗೆ ಅನ್ವಯಿಸುವಷ್ಟು ನೇರವಾಗಿ ಬೇರೆ ಯಾರಿಗೂ ಅನ್ವಯಿಸಲಾರದು.

ತಡವಾದರೂ ಅವರು ನಿಲ್ಲಿಸಿದರು ಎಂಬುದನ್ನು ಮರೆಯಬಾರದು. ಆಗಿನ ಗೋಲ್ಡ್ ಕೋಸ್ಟ್, ಇಂದಿನ ಘಾನಾ ದೇಶದಲ್ಲಿ ಸ್ವಂತ ಭೂಮಿಯಲ್ಲಿ ಬೆಳೆಯುವ ಸಣ್ಣ ರೈತರಿಂದ ಕೋಕೋ ಕೊಳ್ಳುವ ವ್ಯವಸ್ಥೆ ಬೆಳೆಯಿತು. 1911ರ ವೇಳೆಗೆ ಆ ನಾಡು ಜಗತ್ತಿನ ಕೋಕೋ ರಫ್ತಿನಲ್ಲಿ ಮೊದಲ ಸ್ಥಾನಕ್ಕೇರಿತು. ಜಾರ್ಜ್ ಕ್ಯಾಡ್ಬರಿ 1922ರಲ್ಲಿ ನಿಧನನಾದನು. ಕಂಪೆನಿಯು 2010ರಲ್ಲಿ ಅಮೆರಿಕದ ಸಂಸ್ಥೆಯೊಂದರ ಪಾಲಾಯಿತು. ಆತನು ದಾನವಾಗಿ ಕೊಟ್ಟ ಮನೆಗಳು ಮಾತ್ರ ಧರ್ಮದರ್ಶಿಗಳ ಕೈಯಲ್ಲಿಯೇ ಉಳಿದಿವೆ.

ಪ್ರಾರ್ಥನೆ, ಮೈತ್ರಿ, ಮಕ್ಕಳ ಶಿಕ್ಷಣ ಇವುಗಳಿಂದ ತುಂಬಿದ ಬಿಡುವಿನ ದಿನ ಮನುಷ್ಯನ ಕಣ್ಣನ್ನು ತೆರೆಯುತ್ತದೆ; ಬೋರ್ನ್‌ವಿಲ್ ಅದಕ್ಕೆ ಸಾಕ್ಷಿ. ಆ ಕಣ್ಣು ಖರೀದಿಯ ಪುಸ್ತಕದ ಮೇಲೆಯೂ ಬೀಳಬೇಕು. ಒಂದು ಫಾರ್ದಿಂಗಿನ ತೀರ್ಪು ಅದಕ್ಕೆ ಸಾಕ್ಷಿ. ಭಾನುವಾರ ಮಕ್ಕಳಿಗೆ ಪಾಠ ಹೇಳಿದ ಗೃಹಸ್ಥನನ್ನು ಆ ಮಕ್ಕಳು ಸೋಮವಾರ ಅಂಗಡಿಗೆ ಬಂದು, ಈ ಮಾಲು ಎಲ್ಲಿಂದ ಬಂತು ಎಂದು ಕೇಳಿದರೆ, ಆತನು ತಡವರಿಸದೆ ಉತ್ತರ ಹೇಳುವಂತಿರಬೇಕು.